ಮಾಯದ ಗಾಯ, ತೆರೆಯದ ಬಾಯಿ

ಹೋಟೆಲಿನ ಅಡಿಗೆಮನೆಯಲ್ಲಿ ಕೈ ಸುಟ್ಟುಕೊಳ್ಳದ ಭಟ್ಟರು ಯಾರೂ ಇರಲಾರರು. ಕಾವಲಿಯ ಅಂಚು ತಾಗುತ್ತದೆ, ಇಡ್ಲಿ ಪಾತ್ರೆಯ ಹಬೆ ಹೊಡೆಯುತ್ತದೆ, ವಡೆ ಬಿಡುವಾಗ ಎಣ್ಣೆ ಸಿಡಿಯುತ್ತದೆ. ತಾಗಿದ ಜಾಗ ಕೆಂಪಾಗಿ, ಉರಿದು, ಊದಿಕೊಂಡು, ಕೆಲವು ದಿನಗಳಲ್ಲಿ ಹೊಸ ಚರ್ಮ ಬಂದು ಮಾಯವಾಗುತ್ತದೆ. ಇದಕ್ಕೆ ವೈದ್ಯರು ಉರಿಯೂತ ಎನ್ನುತ್ತಾರೆ. ಉರಿ ಮತ್ತು ಊತ ಎರಡೂ ಸೇರಿದ ಒಳ್ಳೆಯ ಕನ್ನಡ ಪದ. ಇದು ರೋಗವಲ್ಲ, ಶರೀರವೇ ನಡೆಸುವ ರಿಪೇರಿ ಕೆಲಸ. ರಕ್ತದ ಬಿಳಿಯ ಕಣಗಳು ಗಾಯದತ್ತ ಓಡಿ ಬಂದು ಕ್ರಿಮಿಗಳನ್ನು ಕೊಲ್ಲುತ್ತವೆ, ಸತ್ತ ಜೀವಕೋಶಗಳನ್ನು ತೆಗೆದುಹಾಕುತ್ತವೆ, ಹೊಸ ಕೋಶಗಳು ಬೆಳೆಯುವಂತೆ ಮಾಡುತ್ತವೆ. ಕೆಲಸ ಮುಗಿದ ಮೇಲೆ ಉರಿಯೂತ ತಣಿಯುತ್ತದೆ.

ಕೆಲಸ ಮುಗಿಯದೇ ಹೋದರೆ? ತೊಂದರೆ ಇರುವುದು ಅಲ್ಲಿ. ಒಂದೇ ಜಾಗಕ್ಕೆ ದಿನಕ್ಕೆ ಹತ್ತು ಸಲದಂತೆ ಹತ್ತು ವರ್ಷ ಪೆಟ್ಟು ಬೀಳುತ್ತಿದ್ದರೆ ರಿಪೇರಿಯ ಪಡೆ ಅಲ್ಲೇ ಬೀಡು ಬಿಡುತ್ತದೆ. ಕ್ರಿಮಿ ಕೊಲ್ಲಲು ಬಿಳಿಯ ಕಣಗಳು ಹೊರಬಿಡುವ ತೀಕ್ಷ್ಣ ರಾಸಾಯನಿಕಗಳು ಅಕ್ಕಪಕ್ಕದ ಒಳ್ಳೆಯ ಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತವೆ. ಇತ್ತ ಗಾಯ ಮುಚ್ಚಬೇಕೆಂದು ಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ. ಅವಸರದಲ್ಲಿ ನಕಲು ಮಾಡಿದ ಲೆಕ್ಕದ ಪುಸ್ತಕದಲ್ಲಿ ತಪ್ಪು ನುಸುಳಿದ ಹಾಗೆ ಪ್ರತಿ ನಕಲಿನಲ್ಲೂ ತಪ್ಪು ಸೇರುತ್ತಾ ಹೋಗುತ್ತದೆ. ಎಂದಾದರೊಂದು ದಿನ ಒಂದು ಕೋಶ ಯಾರ ಮಾತನ್ನೂ ಕೇಳದೆ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಕ್ಯಾನ್ಸರ್ ಗಡ್ಡೆಯೊಳಗೆ ಬಿಳಿಯ ಕಣಗಳು ತುಂಬಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಷ್ಟು ಹಿಂದೆಯೇ ಗಮನಿಸಿದ್ದರು. ಕ್ಯಾನ್ಸರ್ ಗಡ್ಡೆಯೆಂದರೆ ಮಾಯಲಾರದ ಗಾಯ ಎಂದು ಅಮೆರಿಕದ ಹೆರಾಲ್ಡ್ ಡ್ವೋರಾಕ್ 1986ರಲ್ಲಿ ವಿವರಿಸಿದರು. ಎಲ್ಲ ಉರಿಯೂತವೂ ಕ್ಯಾನ್ಸರ್ ಆಗುವುದಿಲ್ಲ, ಎಲ್ಲ ಕ್ಯಾನ್ಸರಿಗೂ ಉರಿಯೂತ ಕಾರಣವಲ್ಲ. ಆದರೆ ನಮ್ಮ ಉದ್ದಿಮೆಯಲ್ಲಿ ಕಣ್ಣಿಗೆ ಬೀಳುವ ಕೆಲವು ಕ್ಯಾನ್ಸರ್‌ಗಳ ದಾರಿ ಇದೇ ಆದುದರಿಂದ ಹೋಟೆಲು ನಡೆಸುವವರು ಇದನ್ನು ತಿಳಿದಿರಬೇಕು.

ಪರೇಲಿನ ವೈದ್ಯರು ಕಂಡದ್ದು

ಇದನ್ನು ಕಲಿಯಲು ಜರ್ಮನಿಗೆ ಹೋಗಬೇಕಾಗಿಲ್ಲ. ನಮ್ಮ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು 1941ರಲ್ಲಿ. ಅಲ್ಲಿನ ರೋಗಶಾಸ್ತ್ರಜ್ಞ ಡಾ. ವಿ. ಆರ್. ಖಾನೋಲ್ಕರ್ ತಮ್ಮ ಸಹೋದ್ಯೋಗಿಯೊಡನೆ 1945ರಲ್ಲಿ ಒಂದು ವಿಚಿತ್ರ ಕ್ಯಾನ್ಸರಿನ ವಿಷಯ ಬರೆದರು. ಧೋತಿಯನ್ನು ಸೊಂಟಕ್ಕೆ ಬಿಗಿಯಾಗಿ ಉಟ್ಟು, ಬೆವರು ಮತ್ತು ಉಜ್ಜುವಿಕೆಯಿಂದ ಚರ್ಮ ಕಪ್ಪಾಗಿ, ಒರಟಾಗಿ, ಹುಣ್ಣಾಗಿ, ಕೊನೆಗೆ ಅಲ್ಲೇ ಕ್ಯಾನ್ಸರ್ ಆಗುತ್ತಿತ್ತು. ಅದಕ್ಕೆ ಧೋತಿ ಕ್ಯಾನ್ಸರ್ ಎಂದೇ ಹೆಸರಾಯಿತು. ಸೀರೆಯ ಲಂಗದ ಲಾಡಿಯಿಂದ ಹೆಂಗಸರಿಗೂ ಹೀಗಾಗುವುದುಂಟು. ಇವೆಲ್ಲ ಬಹಳ ಅಪರೂಪ, ಹೆದರಬೇಕಾಗಿಲ್ಲ. ಆದರೆ ವಿಷವೇ ಇಲ್ಲದ ಒಂದು ಬಟ್ಟೆಯೂ ವರ್ಷಗಟ್ಟಲೆ ಉಜ್ಜಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಸುಟ್ಟ ಗಾಯದ ಮಾತೂ ಹಾಗೆಯೇ. ಸಣ್ಣ ಪುಟ್ಟ ಸುಟ್ಟ ಗಾಯಕ್ಕೆ ಭಯವಿಲ್ಲ. ಆದರೆ ದೊಡ್ಡದಾಗಿ ಸುಟ್ಟು, ಸರಿಯಾಗಿ ಮಾಯದೆ, ಆಗಾಗ ಒಡೆದು ನೀರು ಸೋರುವ ಹಳೆಯ ಕಲೆಯಲ್ಲಿ ಹತ್ತಿಪ್ಪತ್ತು ವರ್ಷಗಳ ಮೇಲೂ ಚರ್ಮದ ಕ್ಯಾನ್ಸರ್ ಬರುವುದುಂಟು. ಇಂತಹ ಹುಣ್ಣಿಗೆ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಮಾರ್ಜೋಲಿನ್ ಹೆಸರಿಟ್ಟಿದ್ದಾರೆ. ನಿಮ್ಮ ಹಳೆಯ ಭಟ್ಟರ ಕೈಯಲ್ಲೋ ಕಾಲಿನಲ್ಲೋ ಹಳೆಯ ಸುಟ್ಟ ಕಲೆ ಈಗ ಮತ್ತೆ ಹುಣ್ಣಾಗಿದ್ದರೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಸಬೇಡಿ, ಸರ್ಜನರಿಗೆ ತೋರಿಸಿ.

ಇಷ್ಟು ಪೀಠಿಕೆ. ನಿಜವಾಗಿ ಹೇಳಬೇಕಾದದ್ದು ಬಾಯಿಯ ವಿಷಯ.

ಖಾರ ತಿನ್ನಲಾಗದ ಹುಡುಗ

ಮಾಟುಂಗಾ, ಸಯನ್, ಮಾಹಿಮ್ ಕಡೆಯ ನಮ್ಮ ಅನೇಕ ಹೋಟೆಲುಗಳಿಗೆ ಧಾರಾವಿ ಎಂದರೆ ಹಿತ್ತಲಿದ್ದ ಹಾಗೆ. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಲಕ್ಷಗಟ್ಟಲೆ ಜನ. ಬೆಳಗಿನ ಜಾವ ಅಲ್ಲಿಂದ ಹೊರಡುವ ಇಡ್ಲಿ ಸೈಕಲ್ಲುಗಳು ಊರೆಲ್ಲ ಸುತ್ತುತ್ತವೆ. ಫರ್ಸಾಣ್, ಚಿಕ್ಕಿ, ಹಪ್ಪಳ ಅಲ್ಲೇ ತಯಾರಾಗುತ್ತವೆ. ಕಪ್ಪು-ಬಸಿ ತೊಳೆಯುವವರು, ತರಕಾರಿ ಹೆಚ್ಚುವವರು, ಕ್ಯಾಟರಿಂಗಿಗೆ ದಿನಗೂಲಿಯ ಮೇಲೆ ಬರುವವರಲ್ಲಿ ಎಷ್ಟೋ ಮಂದಿ ಅಲ್ಲಿಯ ಖೋಲಿಗಳಲ್ಲಿ ಉಳಿದುಕೊಳ್ಳುವವರು. ಕೆಲವರು ಕರಾವಳಿಯವರು, ಕೆಲವರು ಕಲಬುರ್ಗಿ, ರಾಯಚೂರಿನ ಕಡೆಯವರು, ಈಚೆಗೆ ಉತ್ತರ ಪ್ರದೇಶ, ಬಿಹಾರದವರೂ ಬಹಳ. ಭಾಷೆ ಬೇರೆ ಬೇರೆ. ಬಾಯಲ್ಲಿರುವುದು ಮಾತ್ರ ಹೆಚ್ಚು ಕಡಿಮೆ ಒಂದೇ. ಒಬ್ಬನಿಗೆ ಮಾವಾ, ಒಬ್ಬನಿಗೆ ಖೈನಿ, ಒಬ್ಬನಿಗೆ ಕಡ್ಡಿಪುಡಿ, ಒಬ್ಬನಿಗೆ ಗುಟ್ಕಾ, ಇನ್ನೊಬ್ಬನಿಗೆ ಬರೀ ಅಡಿಕೆ.

ಮಹಾರಾಷ್ಟ್ರ ಸರಕಾರ ಗುಟ್ಕಾ ನಿಷೇಧಿಸಿದ್ದು 2012ರ ಜುಲೈಯಲ್ಲಿ. ನಿಷೇಧ ಕಾಗದದಲ್ಲಿದೆ. ಮಾಲು ಎಲ್ಲಿ ಸಿಗುತ್ತದೆಂದು ನಮ್ಮ ಮೋರಿಯಲ್ಲಿ ಕೆಲಸ ಮಾಡುವ ಹುಡುಗನಿಗೂ ಗೊತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವವನು ನಿದ್ದೆ ತಡೆಯಲು, ಹಸಿವು ಮರೆಯಲು ಇದನ್ನು ಹಾಕಿಕೊಳ್ಳುತ್ತಾನೆ. ಅವನ ಕೆಲಸದ ವೇಳೆ ನಾವೇ ಇಟ್ಟದ್ದು ಎಂಬುದನ್ನೂ ಇಲ್ಲಿ ಬರೆಯಬೇಕಾಗುತ್ತದೆ.

ಅಡಿಕೆಯ ಗಟ್ಟಿ ನಾರು ಕೆನ್ನೆಯ ಒಳಪದರವನ್ನು ಗೀರುತ್ತದೆ. ಸುಣ್ಣ ಸುಡುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವೂ ತಾಮ್ರದ ಅಂಶವೂ ಸೇರಿ ಒಳಪದರದ ಕೆಳಗೆ ನಾರಿನ ಅಂಗಾಂಶ ಹೆಚ್ಚು ಹೆಚ್ಚು ಬೆಳೆಯುವಂತೆ ಮಾಡುತ್ತವೆ. ಮೃದುವಾಗಿದ್ದ ಕೆನ್ನೆ ಹಗ್ಗದಂತೆ ಬಿಗಿಯುತ್ತದೆ. ಈ ರೋಗಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಭಾರತದಲ್ಲಿ ಇದನ್ನು 1953ರಲ್ಲಿ ವರ್ಣಿಸಿದವರು ಇದೇ ಮುಂಬಯಿಯ ಕಿವಿ-ಮೂಗು-ಗಂಟಲಿನ ವೈದ್ಯ ಡಾ. ಎಸ್. ಜಿ. ಜೋಶಿ.

ಇದರ ಮೊದಲ ಲಕ್ಷಣ ಹೋಟೆಲಿನವರಿಗೆ ಬೇರೆ ಯಾರಿಗಿಂತಲೂ ಬೇಗ ಗೊತ್ತಾಗಬೇಕು. ಖಾರ ತಿನ್ನಲಾಗುವುದಿಲ್ಲ! ನಿನ್ನೆಯವರೆಗೆ ಮೆಣಸಿನ ಚಟ್ನಿ ಬಡಿಸಿಕೊಳ್ಳುತ್ತಿದ್ದ ಹುಡುಗ ಸ್ಟಾಫ್ ಊಟದಲ್ಲಿ ಸಾಂಬಾರು ಬಿಟ್ಟು ಮಜ್ಜಿಗೆ ಅನ್ನ ಉಣ್ಣತೊಡಗುತ್ತಾನೆ. ಕೇಳಿದರೆ “ಏನಿಲ್ಲ ಸೇಠ್ರೇ, ಉಷ್ಣ ಆಗಿದೆ” ಎನ್ನುತ್ತಾನೆ. ನಾವೂ “ಹೌದು ಮಾರಾಯ, ಎಳನೀರು ಕುಡಿ” ಎಂದು ಸುಮ್ಮನಾಗುತ್ತೇವೆ. ಮುಂದೆ ಬಾಯೊಳಗೆ ಬಿಳಿಚಿಕೊಳ್ಳುತ್ತದೆ, ನಾಲಿಗೆ ಹೊರಚಾಚುವುದು ಕಷ್ಟವಾಗುತ್ತದೆ, ಸೀಟಿ ಹೊಡೆಯಲಾಗುವುದಿಲ್ಲ, ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಇಡೀ ವಡೆ ಕಚ್ಚುವುದೂ ಕಷ್ಟವಾಗುತ್ತದೆ.

ಸರಳ ಪರೀಕ್ಷೆಯೊಂದಿದೆ. ತನ್ನದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಬೇಕು. ಆರೋಗ್ಯವಂತ ದೊಡ್ಡವರಿಗೆ ಮೂರೂ ಹಿಡಿಸುತ್ತವೆ. ಎರಡೇ ಹಿಡಿಸಿದರೆ ವೈದ್ಯರಿಗೆ ತೋರಿಸಬೇಕು.

ಬಿಗಿದ ಬಾಯಿಯನ್ನು ಪೂರ್ತಿ ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಮುಂದಿನದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ ರೋಗಿಗಳನ್ನು 17 ವರ್ಷ ಬಿಡದೆ ಗಮನಿಸಿದ ಸಂಶೋಧಕರು 1985ರಲ್ಲಿ ವರದಿ ಮಾಡಿದಂತೆ, ಅವರಲ್ಲಿ ಶೇ. 7.6 ಮಂದಿಗೆ ಬಾಯಿ ಕ್ಯಾನ್ಸರ್ ಆಯಿತು. ನೂರಕ್ಕೆ ಏಳೆಂಟು ಎಂದರೆ ಕಡಿಮೆ ಎನಿಸಬಹುದು. ಯಾವುದೇ ಲಾಟರಿಯಲ್ಲಿ ನೂರಕ್ಕೆ ಏಳೆಂಟು ಜನರಿಗೆ ಬಹುಮಾನ ಬಂದರೆ ನಾವು ಟಿಕೆಟು ಕೊಳ್ಳಲು ಸಾಲು ನಿಲ್ಲುತ್ತಿದ್ದೆವು.

ದೇಶದ ಲೆಕ್ಕ ನೋಡಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಪ್ರಪಂಚದಲ್ಲಿ ಆದ ಬಾಯಿ ಕ್ಯಾನ್ಸರ್ ಸುಮಾರು 1,20,200. ಅದರಲ್ಲಿ ಭಾರತದ್ದೇ 83,400.

ಅಡಿಕೆಯ ಮಾತು ನಮಗೆ ಕಹಿ

ಇಲ್ಲಿ ನಮ್ಮವರಿಗೆ ಒಂದು ಇಕ್ಕಟ್ಟು ಇದೆ. ತಂಬಾಕನ್ನು ಬೈಯುವುದು ಸುಲಭ. ಅಡಿಕೆಯನ್ನು ಬೈಯುವುದು ಹೇಗೆ? ಈ ಪತ್ರಿಕೆ ಓದುವ ಎಷ್ಟೋ ಮಂದಿಯ ಊರಿನ ಮನೆ ನಿಂತಿರುವುದು ಅಡಿಕೆ ತೋಟದ ಮೇಲೆ. ಮುಂಬಯಿಗೆ ಬರುವಾಗಿನ ಬಸ್ ಚಾರ್ಜು ಎಷ್ಟೋ ಮಂದಿಗೆ ಅದರಿಂದಲೇ ಬಂದದ್ದು. ದೇವರ ಮುಂದೆ ಇಡುವುದು ಅದನ್ನೇ, ಮದುವೆಗೆ ಕರೆಯುವುದೂ ಅದನ್ನು ಕೊಟ್ಟೇ.

ಅದೇ ಅಂತಾರಾಷ್ಟ್ರೀಯ ಸಂಸ್ಥೆ ತಂಬಾಕು ಸೇರದ ಎಲೆ-ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರಿಗೆ ಖಚಿತ ಕಾರಣಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ ಪ್ರಕಟವಾದ ವರದಿಯಲ್ಲಿ. ಬೆಳೆಗಾರರ ಸಂಘಟನೆಗಳು ಇದನ್ನು ಇಂದಿಗೂ ಒಪ್ಪಿಲ್ಲ. ಅಧ್ಯಯನವಾದದ್ದು ಗುಟ್ಕಾ, ತಂಬಾಕು ಬೆರೆತ ಅಡಿಕೆಯ ಮೇಲೆ ಎಂಬುದು ಅವರ ವಾದ. ಆದರೆ ತೈವಾನಿನಲ್ಲಿ ಅಡಿಕೆ ಜಗಿಯುವವರು ತಂಬಾಕು ಬೆರೆಸುವುದಿಲ್ಲ. ಅಲ್ಲಿಯೂ ಬಾಯಿ ಕ್ಯಾನ್ಸರ್ ಬಹಳ. ಈ ಸಂಗತಿಯನ್ನು ಆ ವಾದ ಉತ್ತರಿಸುವುದಿಲ್ಲ.

ಹಬ್ಬಕ್ಕೊಮ್ಮೆ, ಊಟವಾದ ಮೇಲೊಮ್ಮೆ ತಾಂಬೂಲ ಹಾಕಿ ಉಗಿದ ಅಜ್ಜನಿಗೂ ಹಗಲಿಡೀ ಕೆನ್ನೆಯ ಮೂಲೆಯಲ್ಲಿ ಅದನ್ನು ತುರುಕಿಕೊಂಡು ಮಲಗುವ ಹುಡುಗನಿಗೂ ಅಪಾಯ ಒಂದೇ ಅಲ್ಲ. ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಇಷ್ಟರ ಮೇಲೂ ಇಂತಿಷ್ಟು ತಿಂದರೆ ತೊಂದರೆಯಿಲ್ಲ ಎನ್ನುವ ಅಳತೆಯನ್ನು ಯಾರೂ ಕೊಟ್ಟಿಲ್ಲ. ತೋಟದ ಪ್ರಶ್ನೆ ಸರಕಾರದ್ದೂ ಬೆಳೆಗಾರರದ್ದೂ ಆಗಲಿ. ನಮ್ಮ ಅಡಿಗೆಮನೆಯ ಹುಡುಗನ ಬಾಯಿ ನಮ್ಮ ಪ್ರಶ್ನೆ. ಹಾಗೆಯೇ ಗಲ್ಲೆಯ ಎದುರು ಬಾಡಿಗೆ ಕೊಡುವ ಬೀಡಾ ಅಂಗಡಿಯೂ. ಆ ಬಾಡಿಗೆಯಿಂದ ಹೋಟೆಲಿನ ಲೈಟ್ ಬಿಲ್ ಕಟ್ಟುವವರಿದ್ದಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬಾರ್ ನಡೆಸುವವರು ಇನ್ನೊಂದನ್ನೂ ತಿಳಿದಿರಲಿ. ತಂಬಾಕಿನ ಜೊತೆ ಮದ್ಯ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಫಿಟ್‌ನೆಸ್ ಸರ್ಟಿಫಿಕೇಟಿನ ಜೊತೆಗೆ

ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಅಡಿಗೆ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಲೇಬೇಕು. ಲೈಸೆನ್ಸಿಗಾಗಿ ನಾವೆಲ್ಲ ಮಾಡಿಸುತ್ತೇವೆ. ಆ ನಮೂನೆಯಲ್ಲಿ ಕಣ್ಣು, ಚರ್ಮ, ಸಾಂಕ್ರಾಮಿಕ ರೋಗ, ಟೈಫಾಯಿಡಿನಂತಹವುಗಳ ಲಸಿಕೆ ಇವುಗಳ ಕಾಲಮ್ಮು ಇದೆ. ಗಿರಾಕಿಗೆ ರೋಗ ಹರಡಬಾರದೆಂದು ಮಾಡಿದ ನಿಯಮ ಅದು. ಕೆಲಸಗಾರನ ಬಾಯೊಳಗೆ ಏನಿದೆ ಎಂದು ಅದು ಕೇಳುವುದಿಲ್ಲ. ಹಾಗಾದರೆ ನಾವೇ ಕೇಳೋಣ. ಡಾಕ್ಟರು ಬಂದಾಗ ಬಾಯೊಳಗೂ ಟಾರ್ಚ್ ಬಿಟ್ಟು ನೋಡಲು ಹೇಳಿದರೆ ಒಬ್ಬನಿಗೆ ಎರಡು ನಿಮಿಷ ಹೆಚ್ಚು ಹಿಡಿಯಬಹುದು. ಬಿಳಿ ಮಚ್ಚೆ, ಅದಕ್ಕಿಂತಲೂ ಅಪಾಯದ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆಯ ಗಂಟು, ಕುತ್ತಿಗೆಯ ಗಡ್ಡೆ, ಬಿಗಿದ ಬಾಯಿ, ಕೆನ್ನೆಯನ್ನು ಸದಾ ಚುಚ್ಚುವ ಮುರಿದ ಹಲ್ಲು. ನೋಡಬೇಕಾದದ್ದು ಇಷ್ಟೇ.

ಬರೀ ಕಣ್ಣಿನಿಂದ ನೋಡಿ ಏನು ಪ್ರಯೋಜನ ಎಂದು ಕೇಳುವವರಿಗೆ ಉತ್ತರ ತಿರುವನಂತಪುರದಲ್ಲಿದೆ. ಅಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಯಂತ್ರವಿಲ್ಲ, ಎಕ್ಸ್‌ರೇ ಇಲ್ಲ.

ಒಂದೇ ಒಂದು ಎಚ್ಚರ. ಬಾಯಿಯಲ್ಲಿ ಮಚ್ಚೆ ಕಂಡವನನ್ನು ಕೆಲಸದಿಂದ ತೆಗೆದರೆ ಮುಂದಿನ ವರ್ಷ ಯಾವನೂ ಬಾಯಿ ತೆರೆಯುವುದಿಲ್ಲ. “ಭಟ್ರೇ, ಇದು ಅಂಟುರೋಗ ಅಲ್ಲ, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ, ಆದರೆ ಈ ವಾರವೇ ಆಸ್ಪತ್ರೆಗೆ ಹೋಗಿ ಬರುವ” ಎಂದು ಜೊತೆಗೆ ಒಬ್ಬರನ್ನು ಕಳುಹಿಸಬೇಕು. ಊರಿಗೆ ಹೋಗಿ ನಾಟಿ ಮದ್ದು ಮಾಡಿ ಬರುತ್ತೇನೆಂದು ಹೊರಟು, ಆರು ತಿಂಗಳ ಮೇಲೆ ಮುಖ ಊದಿಸಿಕೊಂಡು ಬಂದವನಿಗೆ ಮಾಡಬೇಕಾದ ಶಸ್ತ್ರಚಿಕಿತ್ಸೆಗೂ, ಮಚ್ಚೆ ಇರುವಾಗಲೇ ಬಂದವನ ಚಿಕಿತ್ಸೆಗೂ ಅಜಗಜಾಂತರ.

ಚಟ ಬಿಡಿಸುವುದು ದಂಡ ಹಾಕಿ ಆಗುವ ಕೆಲಸವಲ್ಲ. ನಿಕೋಟಿನ್ ಬಿಟ್ಟ ಮೊದಲ ಒಂದೆರಡು ವಾರ ಸಿಟ್ಟು, ತಲೆನೋವು, ನಿದ್ದೆಗೇಡು ಇರುತ್ತದೆ. ಆ ದಿನಗಳಲ್ಲಿ ರಶ್ಶಿನ ಹೊತ್ತಿನ ಕಾವಲಿಯ ಕೆಲಸದಿಂದ ಸ್ವಲ್ಪ ಬಿಡುವು ಕೊಡಬಹುದು. ಬಡೇಸೊಪ್ಪು, ಲವಂಗ, ಏಲಕ್ಕಿ ನಮ್ಮ ಕೈಯಳತೆಯಲ್ಲೇ ಇರುತ್ತವೆ.

ಉಳಿದವು

ಈಗ ಅಡಿಗೆಮನೆಯ ಹೊಗೆ. ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಎಣ್ಣೆಯ ಹೊಗೆ ಕ್ಯಾನ್ಸರಿಗೆ ಕಾರಣವಾಗಿರುವ ಸಂಭವ ಹೆಚ್ಚೆಂದು 2010ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ವರದಿ ಹೇಳಿತು. ಮನೆಯೊಳಗೆ ಉರಿಸುವ ಕಲ್ಲಿದ್ದಲಿನ ಹೊಗೆಯಂತೂ ಖಚಿತ ಕಾರಣಗಳ ಪಟ್ಟಿಯಲ್ಲಿದೆ. ಶ್ವಾಸಕೋಶದ ಒಳಪದರ ಕೆನ್ನೆಯಷ್ಟೇ ಸೂಕ್ಷ್ಮ, ಅದಕ್ಕೂ ದಿನಾ ಗೀರು ಬೀಳುತ್ತದೆ. ಧಾರಾವಿಯ ಮಾಳಿಗೆ ಖೋಲಿಗಳಲ್ಲಿ ಕಿಟಕಿಯಿಲ್ಲದೆ ಫರ್ಸಾಣ್ ಕರಿಯುವ ಹುಡುಗರ ಪಾಡು ನಮ್ಮ ಅಡಿಗೆಮನೆಗಿಂತ ಕಷ್ಟ. ಅಲ್ಲಿಂದ ಮಾಲು ತರಿಸುವವರು ಒಮ್ಮೆ ಮೇಲೆ ಹತ್ತಿ ನೋಡಿ ಬರಲಿ. ಚಿಮಣಿಯ ಜಿಡ್ಡು ತೆಗೆಸುವುದು, ಎಕ್ಸಾಸ್ಟ್ ಫ್ಯಾನ್ ರಿಪೇರಿ ಇವನ್ನು ಮುಂದೂಡಬೇಡಿ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಶೇ. 25 ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದಲೇ ಇದೆ. ಕಪ್ಪಾದ ಎಣ್ಣೆ ಬೇಗ ಹೊಗೆಯಾಡುತ್ತದೆ. ಗಿರಾಕಿ ತಿನ್ನುವುದು ಒಂದು ಪ್ಲೇಟು, ಭಟ್ಟರು ಉಸಿರಾಡುವುದು ದಿನವಿಡೀ.

ಹೆಪಟೈಟಿಸ್ ಬಿ ವೈರಸ್ ಯಕೃತ್ತಿನಲ್ಲಿ ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಉರಿಯೂತ ಉಂಟುಮಾಡಿ, ಯಕೃತ್ತು ಗಟ್ಟಿಯಾಗಿ, ಕ್ಯಾನ್ಸರಿಗೆ ತಿರುಗುವುದುಂಟು. ಮಕ್ಕಳಿಗೆ ಈ ಲಸಿಕೆ ದೇಶದಲ್ಲೆಲ್ಲ ಸರಕಾರಿ ಕಾರ್ಯಕ್ರಮದಲ್ಲಿ ಸಿಗತೊಡಗಿದ್ದು 2011ರ ಸುಮಾರಿಗೆ. ಆದುದರಿಂದ ನಮ್ಮ ದೊಡ್ಡ ಪ್ರಾಯದ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿರಲಾರದು. ರಕ್ತ ಪರೀಕ್ಷೆ ಮಾಡಿಸಿ, ಇಲ್ಲದವರಿಗೆ ಮೂರು ಡೋಸ್ ಹಾಕಿಸಬಹುದು. ಇದು ಹರಡುವುದು ರಕ್ತದಿಂದ, ಸೂಜಿಯಿಂದ, ದೈಹಿಕ ಸಂಬಂಧದಿಂದ, ತಾಯಿಯಿಂದ ಮಗುವಿಗೆ. ಊಟದಿಂದ ಅಲ್ಲ. ಪಾಸಿಟಿವ್ ಬಂದ ಭಟ್ಟರು ಬಡಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಖೋಲಿಯಲ್ಲಿ ಹತ್ತು ಜನ ಒಂದೇ ರೇಜರ್ ಬಳಸುವುದು ನಿಲ್ಲಬೇಕು.

ಹೊಟ್ಟೆಯ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಪರೀಕ್ಷಿಸಿದರು. ರಾಬಿನ್ ವಾರೆನ್ ಜೊತೆ 2005ರಲ್ಲಿ ನೊಬೆಲ್ ಬಂತು. ಜನ ಇಕ್ಕಟ್ಟಿನಲ್ಲಿ ಬದುಕುವ ಕಡೆ ಈ ಸೋಂಕು ಬಾಲ್ಯದಲ್ಲೇ ತಗಲುತ್ತದೆ. ಆದರೂ ಭಾರತದಲ್ಲಿ ಸೋಂಕು ಇರುವಷ್ಟು ಹೊಟ್ಟೆಯ ಕ್ಯಾನ್ಸರ್ ಇಲ್ಲ. ಆದ್ದರಿಂದ ಎಲ್ಲರೂ ಪರೀಕ್ಷೆಗೆ ಓಡಬೇಕಾಗಿಲ್ಲ. ವರ್ಷಗಟ್ಟಲೆ ಆ್ಯಸಿಡಿಟಿ ಮಾತ್ರೆ ನುಂಗುತ್ತಲೇ ಇರುವವರು, ತೂಕ ಇಳಿದವರು, ಮಲ ಕಪ್ಪಾದವರು ತಪ್ಪದೆ ಹೋಗಬೇಕು.

ಹಪ್ಪಳ ಒತ್ತುವ, ಚಪಾತಿ ಲಟ್ಟಿಸುವ ಹೆಂಗಸರನ್ನು ಮರೆಯಬಾರದು. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಸೋಂಕು. ಅದನ್ನು ಉರಿಯೂತ ಒಂದರ ಖಾತೆಗೆ ಬರೆಯುವಂತಿಲ್ಲ. ಆದರೆ ಟಾಟಾ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳಲ್ಲೇ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ನಡೆಸಿದ ಅಧ್ಯಯನ ನಮ್ಮವರಿಗೆ ಅರ್ಥವಾಗುವಂತಹದು. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವನ್ನೇ ಹಚ್ಚಿ, ಬೆಳ್ಳಗಾದ ಜಾಗವನ್ನು ಗುರುತಿಸುವ ಪರೀಕ್ಷೆ ಅದು. ನಮ್ಮ ಚೈನೀಸ್ ಕೌಂಟರಿನ ಬಾಟಲಿಯಲ್ಲಿರುವುದೂ ಅದೇ ಆಮ್ಲ! ನೋಡಿದವರು ಹತ್ತನೆಯ ತರಗತಿ ಓದಿ ತರಬೇತಿ ಪಡೆದ ಹೆಂಗಸರು. ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತೆಂದು 2013ರಲ್ಲಿ ಪ್ರಕಟಿಸಿದರು.

ಇನ್ನು ಗಲ್ಲೆಯಲ್ಲಿ ಕುಳಿತ ನಾವು. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕೂರುವುದಿಲ್ಲ, ಅದೂ ಸಣ್ಣ ಉರಿಯಲ್ಲಿಟ್ಟ ಪಾತ್ರೆಯಂತೆ ಶರೀರದಲ್ಲಿ ಉರಿಯೂತವನ್ನು ಕಾಯಿಸುತ್ತಿರುತ್ತದೆ. ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆಯೆಂದು 2016ರಲ್ಲಿ ತಜ್ಞರು ಒಪ್ಪಿದರು. ರಾತ್ರಿ ಹನ್ನೆರಡಕ್ಕೆ ಶಟರ್ ಎಳೆದು, ಒಂದಕ್ಕೆ ಊಟ ಮಾಡಿ, ಹಾಗೆಯೇ ಮಲಗುವವರ ಎದೆಯುರಿಗೂ ಬೇರೆ ಜ್ಯೋತಿಷ್ಯ ಬೇಕಾಗಿಲ್ಲ. ಉರಿಯೂತ ತಗ್ಗಿಸುತ್ತದೆಂದು ಆಸ್ಪಿರಿನ್ ಮಾತ್ರೆಯನ್ನೋ ಜಾಹೀರಾತಿನ ಪುಡಿಯನ್ನೋ ತಾವಾಗಿಯೇ ಶುರು ಮಾಡುವುದು ಬೇಡ, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಬಾಯಿ ತಪಾಸಣೆಗೆ ಧಾರಾವಿಯೊಳಗೇ ಇರುವ, ಜನ ಛೋಟಾ ಸಯನ್ ಎನ್ನುವ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಸಯನ್ ಆಸ್ಪತ್ರೆ ಪಕ್ಕದಲ್ಲೇ ಇದೆ. ಮುಂಬಯಿ ಸೆಂಟ್ರಲಿನ ನಾಯರ್ ದಂತ ಕಾಲೇಜಿಗೂ, ಪರೇಲಿನ ಟಾಟಾ ಆಸ್ಪತ್ರೆಯ ಪ್ರಿವೆಂಟಿವ್ ಆಂಕಾಲಜಿ ವಿಭಾಗಕ್ಕೂ ಹೋಗಬಹುದು. ಕಳುಹಿಸುವಾಗ ಹಿಂದಿ ಅಥವಾ ಮರಾಠಿ ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ, ಆಧಾರ್ ಕಾರ್ಡು, ಇದ್ದರೆ ಇಎಸ್‌ಐ ಕಾರ್ಡು ಕೈಯಲ್ಲಿರಲಿ, ಆ ದಿನದ ಸಂಬಳ ಕತ್ತರಿಸದಿರಿ. ತಂಬಾಕು ಬಿಡಲು ನೆರವಾಗುವ ಸರಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟಾಫ್ ಊಟ ಮಾಡುವ ಜಾಗದಲ್ಲಿ, ಕೈ ತೊಳೆಯುವ ಬೇಸಿನಿನ ಮೇಲೆ ಅಂಟಿಸಿದರೆ ಉಗಿಯಲು ಬಂದವನ ಕಣ್ಣಿಗೂ ಬೀಳುತ್ತದೆ.